ಕಡಲೆಯ ವಾಯಿದಾ ಪೇಟೆ ತೆರೆಯಿರಿ

ಮಾನ್ಯ ತುಹಿನ್ ಕಾಂತ ಪಾಂಡೆ ಅವರಿಗೆ,
ಅಧ್ಯಕ್ಷರು, ಸೆಬಿ, ಮುಂಬೈ



ಹೊಸದಾಗಿ ಕಡಲೆ ವಾಯಿದಾ ವ್ಯಾಪಾರ (ಮುಂದಿನ ತಿಂಗಳುಗಳ ಸರಕಿಗೆ ಇಂದೇ ಬೆಲೆ ಕಟ್ಟುವ ವ್ಯಾಪಾರ) ಮಾಡದಂತೆ 2021ರ ಆಗಸ್ಟ್‌ನಲ್ಲಿ ತಡೆ ಬಿತ್ತು. ಅದೇ ಡಿಸೆಂಬರ್‌ನಲ್ಲಿ ಕಡಲೆ, ಹೆಸರು, ಗೋಧಿ, ಭತ್ತ, ಸೋಯಾ, ಸಾಸಿವೆ, ಕಚ್ಚಾ ತಾಳೆ ಎಣ್ಣೆಯೂ ಸೇರಿ ಏಳು ಸರಕುಗಳ ವಾಯಿದಾ ಒಂದು ವರ್ಷದ ಮಟ್ಟಿಗೆಂದು ನಿಂತಿತು. ಆ ಗಡುವು ಮುಂದೆ ಹೋಗುತ್ತಾ ಹೋಗುತ್ತಾ 2025ರಲ್ಲಿ 2026ರ ಮಾರ್ಚ್ 31ಕ್ಕೆ ಬಂದು ನಿಂತಿತು. ದಯವಿಟ್ಟು ಇನ್ನೊಮ್ಮೆ ಮುಂದೂಡಬೇಡಿ.

ಗದಗ, ಧಾರವಾಡ, ವಿಜಯಪುರ, ಕಲಬುರಗಿಯ ಎರೆ ಹೊಲಗಳಲ್ಲಿ ಹಿಂಗಾರಿ ಬಿತ್ತನೆ ಅಕ್ಟೋಬರ್ ಆಸುಪಾಸಿಗೆ. ಕಡಲೆಯೋ, ಬಿಳಿಜೋಳವೋ, ಕುಸುಬೆಯೋ ಎಂದು ಆಗಲೇ ತೀರ್ಮಾನಿಸಬೇಕು. ರಾಶಿ ಆಗುವುದು ಫೆಬ್ರುವರಿ ಹೊತ್ತಿಗೆ. ಬಿತ್ತುವ ದಿನ ರೈತನಿಗೆ ಗೊತ್ತಿರುವುದು ಅಂದಿನ ಪೇಟೆ ಧಾರಣೆ, ಹೋದ ಸುಗ್ಗಿಯ ಧಾರಣೆ, ಅಷ್ಟೆ. ವಾಯಿದಾ ಪೇಟೆ ನಡೆಯುತ್ತಿದ್ದರೆ ಏಪ್ರಿಲ್ ಕಡಲೆಗೆ ಇವತ್ತು ಎಷ್ಟು ಕೊಡಲು ಜನ ಮುಂದೆ ಬರುತ್ತಿದ್ದಾರೆ ಎಂಬುದು ಎಲ್ಲರಿಗೂ ಕಾಣುತ್ತದೆ. ಸಣ್ಣ ರೈತರಲ್ಲಿ ನೇರವಾಗಿ ಅಲ್ಲಿ ಮಾರುವವರು ವಿರಳ, ನಿಜ. ಆದರೆ ಅವರದೇ ರೈತ ಉತ್ಪಾದಕ ಕಂಪನಿ ಸದಸ್ಯರ ಬೆಳೆ ಹೊಲದಲ್ಲಿರುವಾಗಲೇ ಏಪ್ರಿಲ್ ವಾಯಿದಾ ಮಾರಿ, ಧಾರಣೆ ಕುಸಿದರೂ ನಷ್ಟ ತುಂಬಿಕೊಳ್ಳಬಹುದು. ಬೇಳೆ ಮಿಲ್ಲಿನವರು ಅದನ್ನೇ ಕೊಂಡು ತಮ್ಮ ಖರ್ಚು ಗಟ್ಟಿ ಮಾಡಿಕೊಳ್ಳಬಹುದು. ಇಂದು ಮುಂದಿನ ಧಾರಣೆಯ ಅಂದಾಜು ದೊಡ್ಡ ದಾಸ್ತಾನುದಾರರ, ಆಮದುದಾರರ ಫೋನುಗಳಲ್ಲಿ ಮಾತ್ರ ಓಡಾಡುತ್ತಿದೆ.

ವಾಯಿದಾ ಇದ್ದರೆ ಬೇಳೆ ತುಟ್ಟಿಯಾಗುತ್ತದೆ ಎಂಬುದು ಭಯವಾದರೆ ತೊಗರಿಯನ್ನು ನೋಡಿ. ಅದರ ವಾಯಿದಾ 2007ರ ಜನವರಿಯಲ್ಲೇ ನಿಷೇಧವಾಯಿತು. ಹಾಗಿದ್ದೂ 2015ರಲ್ಲಿ ತೊಗರಿಬೇಳೆ ಕಿಲೋಗೆ 200 ರೂಪಾಯಿ ಮುಟ್ಟಿತು. ಆ ಧಾರಣೆ ನಂಬಿ ಮರುವರ್ಷ ರೈತರು ಎಲ್ಲೆಡೆ ತೊಗರಿ ಬಿತ್ತಿದರು. ರಾಶಿ ಬಂದಾಗ ಕಲಬುರಗಿ ಪೇಟೆಯಲ್ಲಿ ಧಾರಣೆ ಬೆಂಬಲ ಬೆಲೆಗಿಂತ ಕೆಳಗಿಳಿಯಿತು. ಖರೀದಿ ಕೇಂದ್ರಗಳ ಮುಂದೆ ಸಾಲು ಬೆಳೆಯಿತು. ನಿಷೇಧ ಏರಿಕೆಯನ್ನೂ ತಡೆಯಲಿಲ್ಲ, ಕುಸಿತವನ್ನೂ ತಡೆಯಲಿಲ್ಲ. ಕೊಂಡು ತಿನ್ನುವವರಿಗೂ ಬೆಳೆದವರಿಗೂ ಪೆಟ್ಟು ಬಿತ್ತು. ವಾಯಿದಾದಿಂದಲೇ ಬೆಲೆ ಏರಿತೆನ್ನಲು 2008ರಲ್ಲಿ ಇದನ್ನೇ ಪರಿಶೀಲಿಸಿದ ಅಭಿಜಿತ್ ಸೇನ್ ಸಮಿತಿಗೂ ಗಟ್ಟಿ ಆಧಾರ ಸಿಕ್ಕಿರಲಿಲ್ಲ.

ಸಟ್ಟಾಕೋರರ ಹಾವಳಿ ಸುಳ್ಳಲ್ಲ. 2012ರಲ್ಲಿ ಗ್ವಾರ್ (ಗೋರಿಕಾಯಿ ಬೀಜ) ಧಾರಣೆ ಹಿಡಿತ ಮೀರಿ ಏರಿದಾಗ ಅದರ ವಾಯಿದಾ ನಿಲ್ಲಿಸಬೇಕಾಯಿತು. ಆದರೆ ಮರುವರ್ಷವೇ ಅದನ್ನು ಮತ್ತೆ ತೆರೆದರು. ಮಾರ್ಜಿನ್ (ವ್ಯಾಪಾರಕ್ಕೆ ಇಡಬೇಕಾದ ಠೇವಣಿ) ಏರಿಸುವುದು, ಒಬ್ಬರು ಎಷ್ಟು ಹಿಡಿಯಬಹುದೆಂಬ ಮಿತಿ ಬಿಗಿ ಮಾಡುವುದು, ವಾಯಿದೆ ತೀರಿದಾಗ ಸರಕನ್ನೇ ಒಪ್ಪಿಸುವಂತೆ ಮಾಡುವುದು: ಈ ಅಧಿಕಾರಗಳೆಲ್ಲ ನಿಮ್ಮ ಕೈಯಲ್ಲಿವೆ.

ಕಡಲೆ ವಾಯಿದಾ ತೆರೆಯುವಾಗ ಸರಕು ಒಪ್ಪಿಸುವ ಗೋದಾಮು ಗದಗದಲ್ಲೋ ಕಲಬುರಗಿಯಲ್ಲೋ ಇರಲಿ. ದೂರದ ರಾಜಸ್ಥಾನದ ಬಿಕಾನೇರಿಗೆ ಸಾಗಿಸುವ ಬಾಡಿಗೆ ಹೊತ್ತರೆ ನಮ್ಮವರಿಗೆ ಏನೂ ಉಳಿಯದು. ತಡೆ ಮುಂದುವರಿಸುವುದೇ ನಿಮ್ಮ ತೀರ್ಮಾನವಾದರೆ, ಇಷ್ಟು ವರ್ಷಗಳಲ್ಲಿ ಅದರಿಂದ ಯಾವ ಸರಕಿನ ಬೆಲೆ ಎಷ್ಟು ಇಳಿಯಿತೆಂಬ ಲೆಕ್ಕವನ್ನು ಆದೇಶದ ಜೊತೆಗೇ ಪ್ರಕಟಿಸಿ, ಕನ್ನಡದಲ್ಲೂ.

ಇಂತಿ,
ಗದಗ ಸೀಮೆಯ ಒಬ್ಬ ಕಡಲೆ ಬೆಳೆಗಾರ