ಹಳೆಯ ಟೇಪಿಗೆ ತಕ್ಕ ತಲೆ

ಕ್ಯಾಸೆಟ್ ಬರುವ ಮೊದಲು ಧ್ವನಿಮುದ್ರಣವೆಂದರೆ ಸುರುಳಿ ಟೇಪು. ತಟ್ಟೆಯಂಥ ಎರಡು ಸುರುಳಿಗಳು; ಒಂದರಿಂದ ಬಿಚ್ಚಿಕೊಂಡು ಇನ್ನೊಂದಕ್ಕೆ ಸುತ್ತಿಕೊಳ್ಳುವ, ಕಾಲು ಇಂಚು ಅಗಲದ ಕಂದು ಪಟ್ಟಿ. ಆಕಾಶವಾಣಿ ನಿಲಯಗಳಲ್ಲಿ, ಸ್ಟುಡಿಯೋಗಳಲ್ಲಿ, ಸಂಗೀತಪ್ರಿಯರ ಮನೆಗಳಲ್ಲಿ ದಶಕಗಳ ಕಾಲ ಇದರದೇ ರಾಜ್ಯಭಾರ. ಇಂದು ಅಂಥದ್ದೊಂದು ಟೇಪು ಸಿಕ್ಕಿ, ಯಂತ್ರವೂ ಸಿಕ್ಕಿದರೆ ಇನ್ನೇನು, ಕೇಳುವುದೊಂದೇ ಬಾಕಿ ಎಂದು ಯಾರಿಗಾದರೂ ಅನ್ನಿಸೀತು. ಆದರೆ ಎಷ್ಟೋ ಸಲ ಮಾತಿನ ಜೊತೆಗೇ ಇನ್ನೊಂದು ದನಿ ಹಿಂದುಮುಂದಾಗಿ ಕೇಳತೊಡಗುತ್ತದೆ. ಇಲ್ಲವೇ ದನಿ ಕಂಬಳಿ ಹೊದ್ದಂತೆ ಮಂಕಾಗಿರುತ್ತದೆ. ಟೇಪೂ ಕೆಟ್ಟಿಲ್ಲ, ಯಂತ್ರವೂ ಕೆಟ್ಟಿಲ್ಲ. ಯಂತ್ರದ 'ತಲೆ' ಆ ಟೇಪಿಗೆ ಹೊಂದುತ್ತಿಲ್ಲ, ಅಷ್ಟೇ.

ತಲೆ, ಅಂದರೆ ಹೆಡ್, ಒಂದು ಪುಟ್ಟ ವಿದ್ಯುತ್ಕಾಂತ. ಜರ್ಮನಿಯ ಎಇಜಿ ಕಂಪೆನಿಯ ಎಡ್ವರ್ಡ್ ಷುಲರ್ 1933ರಲ್ಲಿ ಇದಕ್ಕೆ ಉಂಗುರದ ಆಕಾರ ಕೊಟ್ಟ. ಉಂಗುರದ ಒಂದೆಡೆ ಕೂದಲಿಗಿಂತ ಎಷ್ಟೋ ಕಿರಿದಾದ ಸೀಳು ಇರುತ್ತದೆ. ಟೇಪಿನ ಮೇಲಿನ ಕಾಂತೀಯ ಗುರುತುಗಳು ಈ ಸೀಳಿನ ಮುಂದೆ ಹಾದುಹೋದಾಗ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆಯ ನಿಯಮವನ್ನು ಶಾಲೆಯಲ್ಲಿ ಓದಿದವರಿಗೆ ಇದು ಹೊಸದೇನಲ್ಲ. ಆ ವಿದ್ಯುತ್ತನ್ನು ಹಿಗ್ಗಿಸಿದರೆ ಹಾಡು.

ತೊಡಕು ಇರುವುದು ಟೇಪಿನ ಅಗಲವನ್ನು ಹಂಚಿಕೊಳ್ಳುವ ಬಗೆಯಲ್ಲಿ. ಮೊದಮೊದಲು ಅಗಲಕ್ಕೂ ಒಂದೇ ಪಥ. ಬಳಿಕ ಟೇಪು ಉಳಿಸಲೆಂದು ಎರಡು ಪಥ, ಆಮೇಲೆ ಮನೆಬಳಕೆಗೆ ನಾಲ್ಕು ಪಥ. ನಾಲ್ಕು ಪಥದ ಸ್ಟೀರಿಯೋ ಟೇಪಿನಲ್ಲಿ 1 ಮತ್ತು 3ನೇ ಪಥಗಳು ಮುಂದಕ್ಕೆ ಓಡುತ್ತವೆ. ಸುರುಳಿಯನ್ನು ಮಗುಚಿ ಹಾಕಿದಾಗ 2 ಮತ್ತು 4ರ ಸರದಿ. ಇಂಥ ಟೇಪನ್ನು ಎರಡು ಪಥದ ಅಗಲ ತಲೆಯ ಯಂತ್ರಕ್ಕೆ ಹಾಕಿದರೆ ಅದು ಪಕ್ಕದ ಪಥವನ್ನೂ ಸೇರಿಸಿ ಓದುತ್ತದೆ. ಹಿಂದುಮುಂದಾದ ದನಿಯ ಗುಟ್ಟು ಇದೇ. ಇದಕ್ಕೆ ಪ್ರತಿಯಾಗಿ, ಪೂರ್ತಿ ಅಗಲದ ಟೇಪನ್ನು ಸುಮಾರು 1 ಮಿಲಿಮೀಟರ್ ಅಗಲದ ತಲೆ ಓದಿದರೆ ಹಾಡೇನೋ ಬರುತ್ತದೆ, ಜೊತೆಗೆ 'ಸುಯ್' ಎಂಬ ಗದ್ದಲವೂ ಏರುತ್ತದೆ. ಓದುವ ಅಗಲ ಅರ್ಧಕ್ಕಿಳಿದಾಗಲೆಲ್ಲ ಗದ್ದಲಕ್ಕೆ ಹೋಲಿಸಿದರೆ ಹಾಡಿನ ಬಲ ಸುಮಾರು 3 ಡೆಸಿಬಲ್ ಕುಗ್ಗುತ್ತದೆ.

ಆದ್ದರಿಂದಲೇ ಹಳೆಯ ಧ್ವನಿಮುದ್ರಣಗಳನ್ನು ಉಳಿಸುವವರು ಯಂತ್ರ ಒಂದೇ ಇಟ್ಟುಕೊಂಡು ತಲೆಯನ್ನು ಬದಲಿಸುತ್ತಾರೆ. 1967ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ರೆವಾಕ್ಸ್ ಎ77 ಯಂತ್ರವನ್ನು ಎರಡು ಪಥ, ನಾಲ್ಕು ಪಥ ಎಂದು ಬೇರೆ ಬೇರೆ ಮಾದರಿಗಳಲ್ಲಿ ಮಾರುತ್ತಿದ್ದರು. ಜಪಾನಿನ ಒಟಾರಿ ಎಂಎಕ್ಸ್-5050 ಮತ್ತು ಟೆಕ್ನಿಕ್ಸ್ ಆರ್‌ಎಸ್-1500 ಬಗೆಯ ಯಂತ್ರಗಳಿಗೆ ಕಾರ್ಖಾನೆಯಲ್ಲೇ ನಾಲ್ಕನೆಯ ತಲೆ ಜೋಡಿಸಿದ್ದರು. ಎರಡು ಪಥದ ಯಂತ್ರವಾದರೂ ನಾಲ್ಕು ಪಥದ ಟೇಪನ್ನು ಓದಲು ಒಂದು ಗುಂಡಿ ತಿರುಗಿಸಿದರೆ ಸಾಕು.

ತಲೆ ಬದಲಿಸುವುದೆಂದರೆ ಎರಡು ತಿರುಪು ಬಿಚ್ಚಿ ಹಾಕಿದಷ್ಟು ಸರಳವಲ್ಲ. ಒಂದು ಲೆಕ್ಕ ನೋಡಬಹುದು. ಸೆಕೆಂಡಿಗೆ 19 ಸೆಂಟಿಮೀಟರ್ ಓಡುವ ಟೇಪಿನಲ್ಲಿ 10,000 ಹರ್ಟ್ಸ್ ಸ್ವರದ ಒಂದು ಅಲೆಯ ಉದ್ದ ಎಷ್ಟು? 19 ಸೆಂಟಿಮೀಟರನ್ನು 10,000ದಿಂದ ಭಾಗಿಸಿದರೆ 0.0019 ಸೆಂಟಿಮೀಟರ್, ಅಂದರೆ 19 ಮೈಕ್ರಾನ್. ತಲೆಯ ಸೀಳು ಇದಕ್ಕಿಂತ ಬಹಳ ಕಿರಿದಾಗಿರಬೇಕು. ಸೀಳು ಅಲೆಯಷ್ಟೇ ಅಗಲವಾದರೆ ಆ ಸ್ವರ ಪೂರಾ ಮಾಯ. ಸೀಳು ಟೇಪಿಗೆ ನೇರ ಲಂಬವಾಗಿಯೂ ನಿಲ್ಲಬೇಕು. ಪೂರ್ತಿ ಅಗಲದ ತಲೆ ಒಂದು ಡಿಗ್ರಿಯ ಆರನೇ ಒಂದು ಭಾಗದಷ್ಟು ವಾಲಿದರೂ 10,000 ಹರ್ಟ್ಸ್‌ನ ಸ್ವರ ಅಳಿಸಿಹೋಗುತ್ತದೆ. 1 ಮಿಲಿಮೀಟರ್ ತಲೆ ಹಾಗಾಗಲು ಸುಮಾರು ಒಂದು ಡಿಗ್ರಿ ವಾಲಬೇಕು. ತಲೆ ಅಗಲವಾದಷ್ಟೂ ಗದ್ದಲ ಕಡಿಮೆ, ಹೊಂದಿಸುವ ಕಷ್ಟ ಹೆಚ್ಚು.

ವಿದ್ಯುತ್ತಿನ ಹೊಂದಾಣಿಕೆಯೂ ಬೇಕು. ಹೆಚ್ಚು ಸುತ್ತು ತಂತಿಯಿರುವ ತಲೆ ಹೆಚ್ಚು ವೋಲ್ಟೇಜ್ ಕೊಡುತ್ತದೆ, ಆದರೆ ಎತ್ತರದ ಸ್ವರಗಳ ಸಮತೋಲ ಕೆಡಬಹುದು. ಆಗ ಮಂಡಲವನ್ನು ಹೊಸ ತಲೆಗೆ ತಕ್ಕಂತೆ ತಿದ್ದಬೇಕು. ಸಾಲದ್ದಕ್ಕೆ ಅಮೆರಿಕದ ಎನ್‌ಎಬಿ ಪದ್ಧತಿ ಬೇರೆ, ಯುರೋಪಿನ ಪದ್ಧತಿ ಬೇರೆ. 19 ಸೆಂಟಿಮೀಟರ್ ವೇಗದಲ್ಲಿ ಒಂದರ ಅಳತೆ 50 ಮೈಕ್ರೊಸೆಕೆಂಡ್, ಇನ್ನೊಂದರದು 70. ಅಳತೆಯ ಸ್ವರಗಳಿರುವ ಪರೀಕ್ಷಾ ಟೇಪು ಹಾಕಿ ಇವನ್ನೆಲ್ಲ ಸರಿಪಡಿಸುತ್ತಾರೆ. ಜಾಣರು ಮೂಲ ತಲೆಯನ್ನು ಎಸೆಯದೆ ಜೋಪಾನ ಮಾಡುತ್ತಾರೆ; ಕೈತಪ್ಪಿ ಹಳೆಯ ದನಿ ಅಳಿಸದಿರಲೆಂದು ಅಳಿಸುವ ತಲೆಯ ಸಂಪರ್ಕವನ್ನೂ ಕಡಿದಿಡುತ್ತಾರೆ.

ಇತ್ತೀಚಿನ ಒಂದು ಪ್ರಯೋಗ ಇನ್ನೂ ಸ್ವಾರಸ್ಯದ್ದು. ಮುದ್ರಣ ಚೆನ್ನಾಗಿ ಕೂರಲೆಂದು ಹಳೆಯ ಯಂತ್ರಗಳು ಹಾಡಿನ ಜೊತೆಗೆ ಕಿವಿಗೆ ಕೇಳದ ಒಂದು ಅತಿ ಎತ್ತರದ ಸ್ವರವನ್ನು ಬೆರೆಸುತ್ತಿದ್ದವು. ಅದರ ಮಸುಕು ಗುರುತು ಟೇಪಿನಲ್ಲಿ ಉಳಿದಿರಬಹುದು, ಆದರೆ ಸಾಮಾನ್ಯ ತಲೆಗೆ ಕಾಣದು. ಅಮೆರಿಕದ ಪ್ಲಾಂಜೆಂಟ್ ಪ್ರೊಸೆಸಸ್ ಸಂಸ್ಥೆಯವರು ವಿಶೇಷ ತಲೆ ಮತ್ತು ಮಂಡಲ ಜೋಡಿಸಿ ಅದನ್ನೂ ಓದಿಸುತ್ತಾರೆ. ಸ್ಥಿರವಾಗಿರಬೇಕಾದ ಆ ಸ್ವರ ಎಲ್ಲೆಲ್ಲಿ ಅಲುಗಿದೆಯೋ ಅಲ್ಲಲ್ಲಿ ಟೇಪಿನ ಓಟ ಏರುಪೇರಾಗಿತ್ತೆಂದು ತಿಳಿಯುತ್ತದೆ. ಉಳಿದದ್ದನ್ನು ಕಂಪ್ಯೂಟರ್ ಸರಿಪಡಿಸುತ್ತದೆ. ದಶಕಗಳಿಂದ ಟೇಪಿನಲ್ಲೇ ಅಡಗಿದ್ದ ಮಾಹಿತಿ ತಲೆ ಬದಲಿಸಿದ ಮೇಲಷ್ಟೇ ಕೈಗೆ ಸಿಕ್ಕಿತು!

ಇಷ್ಟೆಲ್ಲ ಪಾಡು ಏಕೆಂದರೆ ಅವಕಾಶ ಪದೇ ಪದೇ ಸಿಗುವುದಿಲ್ಲ. 1970 ಮತ್ತು 80ರ ದಶಕದ ಕೆಲವು ಟೇಪುಗಳು ತೇವ ಹೀರಿ ಅಂಟಂಟಾಗಿವೆ. ಓಡಿಸಿದರೆ ದನಿ ಹೊತ್ತ ಲೇಪವೇ ಉದುರುತ್ತದೆ. ಯಂತ್ರಗಳೂ ಬಿಡಿಭಾಗಗಳೂ ಅಪರೂಪವಾದದ್ದರಿಂದ, 2025ರ ಸುಮಾರಿಗೆ ಟೇಪು ಓದಿಸುವುದೇ ಕೈಮೀರಬಹುದೆಂದು ಯುನೆಸ್ಕೊ 2019ರಲ್ಲಿ ಎಚ್ಚರಿಸಿತ್ತು.

ಮನೆಯಲ್ಲಿ ಅಜ್ಜನ ಕಾಲದ ಸುರುಳಿ ಇದ್ದರೆ ಕಂಡ ಯಂತ್ರಕ್ಕೆಲ್ಲ ಹಾಕಿ ನೋಡುವುದು ಬೇಡ. ಡಬ್ಬಿಯ ಮೇಲೆ ವೇಗ, ಪಥ, ವರ್ಷ ಬರೆದಿದೆಯೇ ಎಂದು ಮೊದಲು ನೋಡಬೇಕು; ಆ ಡಬ್ಬಿಯನ್ನು ಎಸೆಯಲೂಬಾರದು. ತಂಪಾದ, ಒಣ ಜಾಗದಲ್ಲಿ, ಸ್ಪೀಕರು ಮತ್ತು ಅಯಸ್ಕಾಂತಗಳಿಂದ ದೂರವಿಟ್ಟು, ತಿಳಿದವರ ಕೈಗೆ ಒಪ್ಪಿಸುವುದು ಲೇಸು. ಅವರು ಮೊದಲು ಕೇಳುವುದೂ ಡಬ್ಬಿಯ ಮೇಲಿನ ಆ ಬರಹವನ್ನೇ; ಯಾವ ತಲೆ ಜೋಡಿಸಬೇಕೆಂಬುದು ಅದರಿಂದಲೇ ಗೊತ್ತಾಗುವುದು.