ಆಸೆ ಕನ್ನಡದಲ್ಲಿ, ಷರತ್ತು ಇಂಗ್ಲಿಷಿನಲ್ಲಿ!



ಹಬ್ಬದ ದಿನ ಬಂದರೆ ಸಾಕು, ಮಾಲ್‌ಗಳ ಬಾಗಿಲಲ್ಲಿ, ಪೆಟ್ರೋಲ್ ಬಂಕಿನ ಮಗ್ಗುಲಲ್ಲಿ ಟೈ ಕಟ್ಟಿದ ಹುಡುಗರು ಮೇಜು ಹಾಕಿಕೊಂಡು ನಿಲ್ಲುತ್ತಾರೆ. "ಕ್ರೆಡಿಟ್ ಕಾರ್ಡ್ ತಗೊಳ್ಳಿ ಸಾರ್, ಖರ್ಚು ಮಾಡಿದಷ್ಟೂ ರಿವಾರ್ಡ್ ಪಾಯಿಂಟ್ ಬರುತ್ತೆ" ಎನ್ನುತ್ತಾರೆ. ಆಸೆ ಹುಟ್ಟಿಸುವ ಮಾತಿಗೆ ಕನ್ನಡ ಬರುತ್ತದೆ. ಕರಪತ್ರದ ಮುಂಬದಿಗೂ ಕನ್ನಡ ಬರುತ್ತದೆ. ಹಾಳೆ ತಿರುಗಿಸಿ ನೋಡಿ! ಇರುವೆ ಸಾಲಿನಂಥ ಸಣ್ಣ ಅಕ್ಷರದಲ್ಲಿ ಷರತ್ತುಗಳು, ಅಷ್ಟೂ ಇಂಗ್ಲಿಷಿನಲ್ಲಿ.

ಪಾಯಿಂಟಿನ ಪ್ರಾಣ ಇರುವುದು ಆ ಹಿಂಬದಿಯಲ್ಲಿ. ಯಾವ ಖರ್ಚಿಗೆ ಪಾಯಿಂಟು ಇಲ್ಲ, ಎಷ್ಟು ವರ್ಷಕ್ಕೆ ಅದು ಸಾಯುತ್ತದೆ, ಬಿಡಿಸಿಕೊಳ್ಳಲು ಎಷ್ಟು ಶುಲ್ಕ ಎಂಬುದೆಲ್ಲ ಅಲ್ಲೇ ಅಡಗಿದೆ. ಎಷ್ಟೋ ಕಾರ್ಡುಗಳಲ್ಲಿ ಪೆಟ್ರೋಲಿಗೆ, ಮನೆ ಬಾಡಿಗೆಗೆ, ವ್ಯಾಲೆಟ್ಟಿಗೆ ಹಾಕಿದ ಹಣಕ್ಕೆ ಬಿಡಿಗಾಸಿನ ಪಾಯಿಂಟೂ ಇಲ್ಲ. ಓದಲು ಬಂದವನು ಲಾಭ ಎತ್ತುತ್ತಾನೆ. ಓದಲು ಬಾರದವನು ಅವನ ಲಾಭಕ್ಕೆ ದುಡ್ಡು ತುಂಬುತ್ತಾನೆ. ಇದು ನಮ್ಮ ಆರೋಪ.

ಲೆಕ್ಕ ಹಾಕೋಣ ಬನ್ನಿ. ನೂರು ರೂಪಾಯಿಗೆ ಒಂದು ಪಾಯಿಂಟು ಕೊಡುವ ಕಾರ್ಡು ಎಂದಿಟ್ಟುಕೊಳ್ಳಿ. ಒಂದು ಪಾಯಿಂಟಿಗೆ 25 ಪೈಸೆ. ಒಂದು ಲಕ್ಷ ರೂಪಾಯಿ ಉಜ್ಜಿದರೆ ಸಾವಿರ ಪಾಯಿಂಟು, ಅಂದರೆ ಬರೀ 250 ರೂಪಾಯಿ! ಬಿಡಿಸಿಕೊಳ್ಳುವ ಶುಲ್ಕ 99 ರೂಪಾಯಿ ಇದ್ದರೆ, ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಸೇರಿ 117 ಹೋಯಿತು. ಕೈಗೆ ಬಂದದ್ದು 133. ಅದಕ್ಕೇ ಪಾಯಿಂಟನ್ನು ಚಿಲ್ಲರೆಯಾಗಿ ಬಿಡಿಸಬಾರದು. ಅವಧಿ ಮುಗಿಯುವ ಮುನ್ನ, ಒಟ್ಟು ಸೇರಿಸಿ, ಒಂದೇ ಸಲ ಬಿಡಿಸಬೇಕು.

ಅದೇ ಪಾಯಿಂಟಿಗೆ ಅಂಗಡಿಗೊಂದು ಬೆಲೆ ಎಂಬುದು ಇನ್ನೊಂದು ಗುಟ್ಟು. ಬ್ಯಾಂಕಿನ ಪಟ್ಟಿಯಲ್ಲಿ ಮಿಕ್ಸಿಗೆ 8000 ಪಾಯಿಂಟು ಎಂದಿದ್ದರೆ ಹಿಗ್ಗಬೇಡಿ. ಅದೇ ಮಿಕ್ಸಿ ಪೇಟೆಯಲ್ಲಿ 1600ಕ್ಕೆ ಸಿಕ್ಕರೆ ನಿಮ್ಮ ಪಾಯಿಂಟಿಗೆ 20 ಪೈಸೆಯೇ ಬಿತ್ತು. ಪೇಟೆಯ ಬೆಲೆಯನ್ನು ಪಾಯಿಂಟಿನಿಂದ ಭಾಗಿಸಿ, ಬಿಲ್ಲಿಗೆ ವಜಾ ಹಾಕಿಸಿದರೆ ಎಷ್ಟು, ವಿಮಾನದ ಟಿಕೆಟ್ಟಿಗೆ ಎಷ್ಟು ಎಂದು ಹೋಲಿಸಿ ನೋಡಿ. ದುಬಾರಿ ಕಾರ್ಡುಗಳಲ್ಲಿ ಟಿಕೆಟ್ಟಿಗೆ ಬಳಸಿದ ಪಾಯಿಂಟಿಗೆ ಒಂದು ರೂಪಾಯಿಯವರೆಗೂ ಬೆಲೆ ಸಿಗುವುದುಂಟು. ಆದರೆ ಹಾರುವವನಿಗೆ ತಾನೇ ಟಿಕೆಟ್ಟು! ವರ್ಷಕ್ಕೊಮ್ಮೆ ಕೆಎಸ್‌ಆರ್‌ಟಿಸಿ ಬಸ್ಸಿನಲ್ಲಿ ಊರ ಜಾತ್ರೆಗೆ ಹೋಗುವವನು ಆ ಕಾರ್ಡಿಗೆ ಸಾವಿರಗಟ್ಟಲೆ ವಾರ್ಷಿಕ ಶುಲ್ಕ ತೆತ್ತು ಏನು ಮಾಡಬೇಕು?

ಇಷ್ಟೆಲ್ಲ ಜಾಣತನವನ್ನೂ ಒಂದೇ ತಿಂಗಳ ಬಾಕಿ ನುಂಗಿಬಿಡುತ್ತದೆ. ಹತ್ತು ಸಾವಿರ ಬಾಕಿಗೆ ತಿಂಗಳಿಗೆ ನೂರಕ್ಕೆ ಮೂರೂವರೆಯಂತೆ 350 ಬಡ್ಡಿ, ಜಿಎಸ್‌ಟಿ 63, ಒಟ್ಟು 413 ರೂಪಾಯಿ. ಇದನ್ನು ತುಂಬಿಕೊಳ್ಳುವಷ್ಟು ಪಾಯಿಂಟು ಬರಬೇಕಾದರೆ ಒಂದೂವರೆ ಲಕ್ಷಕ್ಕೂ ಮೇಲೆ ಉಜ್ಜಬೇಕು. 'ಕನಿಷ್ಠ ಮೊತ್ತ' ಕಟ್ಟಿದರೆ ಸಾಕೆಂದು ನಂಬಿದವರ ಗತಿ ಇದೇ. ಬಾಕಿ ಉಳಿದರೆ ಹೊಸ ಖರೀದಿಗೂ ಕೊಂಡ ದಿನದಿಂದಲೇ ಬಡ್ಡಿ ಓಡುತ್ತದೆ. ಪೂರ್ತಿ ಬಿಲ್ಲು ಗಡುವಿನೊಳಗೆ ಕಟ್ಟಲಾಗದವರು ಪಾಯಿಂಟಿನ ಕಡೆ ಕಣ್ಣೂ ಹಾಯಿಸಬಾರದು.

ಇನ್ನು ಈ ಬಹುಮಾನದ ದುಡ್ಡು ಯಾರದು? ಬ್ಯಾಂಕಿನವರು ಮಾಡುವ ಧರ್ಮವೇ? ಬಹುಪಾಲು ಅಂಗಡಿಯವನದು! ಗಿರಾಕಿ ಕ್ರೆಡಿಟ್ ಕಾರ್ಡ್ ಉಜ್ಜಿದ ನೂರು ರೂಪಾಯಿಯಲ್ಲಿ ಒಂದೂವರೆ-ಎರಡು ರೂಪಾಯಿ ಅಂಗಡಿಯವನ ಪಾಲಿನಿಂದ ಕತ್ತರಿಸಿಹೋಗುತ್ತದೆ. ಚಿಕ್ಕಪೇಟೆಯ ಬಟ್ಟೆ ವ್ಯಾಪಾರಿಗೂ, ಮದುವೆ ಪತ್ರಿಕೆ ಅಚ್ಚು ಹಾಕುವ ನಮ್ಮಂಥವರಿಗೂ ಇದೇ ಕತ್ತರಿ. ಆ ಕಾಸಿನಲ್ಲಿ ಒಂದಿಷ್ಟು ಪಾಯಿಂಟಾಗಿ, ಷರತ್ತು ಓದಬಲ್ಲವನ ಜೇಬಿಗೆ ಹೋಗಿ ಬೀಳುತ್ತದೆ.

2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ವರ್ಷಕ್ಕೆ ನೂರಕ್ಕೆ 30ರ ಮೇಲೆ ಬಡ್ಡಿ ಕೀಳುವುದು ಅನ್ಯಾಯದ ವ್ಯಾಪಾರ ಎಂದಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆ ಆದೇಶವನ್ನು ರದ್ದು ಮಾಡಿತು. ಕಾರ್ಡುದಾರರಿಗೆ ತಮ್ಮ ಹಕ್ಕು-ಹೊಣೆಗಳ ತಿಳಿವಳಿಕೆ ಕೊಡಲಾಗಿರುತ್ತದೆ ಎಂಬುದೂ ಆ ತೀರ್ಪಿನಲ್ಲಿ ಬಂದ ಮಾತು. ನ್ಯಾಯಾಲಯದ ಮೇಲೆ ಗೌರವವಿಟ್ಟೇ ಕೇಳುತ್ತೇವೆ, ಯಾವ ಭಾಷೆಯಲ್ಲಿ ಕೊಟ್ಟರು ಸ್ವಾಮಿ ಆ ತಿಳಿವಳಿಕೆ? ಹಾಸನದ, ಹಾವೇರಿಯ ಕನ್ನಡ ಶಾಲೆಯಲ್ಲಿ ಓದಿದವನಿಗೆ ಯಾರು ಓದಿ ಹೇಳಿದರು?

ರಿಸರ್ವ್ ಬ್ಯಾಂಕು 2022ರ ಏಪ್ರಿಲಿನಲ್ಲಿ ಹೊರಡಿಸಿದ ಕಾರ್ಡುಗಳ ನಿರ್ದೇಶನದಲ್ಲಿ, ಷರತ್ತುಗಳು ಸರಳವಾಗಿರಬೇಕು, ಕಾರ್ಡುದಾರನಿಗೆ ಅರ್ಥವಾಗಬೇಕು, ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿದ್ದರೆ ಮೇಲು ಎಂದಿತು. 'ಇದ್ದರೆ ಮೇಲು' ಅಂತೆ! ಈ ಒಂದು ಮಾತಿನ ಕಿಂಡಿಯಲ್ಲೇ ಬ್ಯಾಂಕುಗಳು ನುಸುಳಿಕೊಳ್ಳುತ್ತಿರುವುದು. ಚಲನ್ನು, ಅರ್ಜಿ ನಮೂನೆಗಳು ಮೂರು ಭಾಷೆಯಲ್ಲಿ ಇರಬೇಕೆಂಬ ಸೂಚನೆ ಶಾಖೆಗಳಿಗೆ ಹಿಂದಿನಿಂದಲೂ ಇದೆ. ಹಣ ಕಟ್ಟುವ ಚೀಟಿಗೆ ಒಗ್ಗಿದ ಕನ್ನಡ, ಹಣ ಕೀಳುವ ಷರತ್ತಿಗೆ ಯಾಕೆ ಒಗ್ಗುವುದಿಲ್ಲ? 2024ರ ಕಾನೂನು ನಾಮಫಲಕದಲ್ಲಿ ನೂರಕ್ಕೆ 60 ಕನ್ನಡ ಕೇಳಿತು. ಒಳ್ಳೆಯದೇ. ಆದರೆ ಫಲಕದ ಕನ್ನಡ ಮೇಜಿನ ಮೇಲಿನ ಕಾಗದಕ್ಕೆ ಇಳಿಯದಿದ್ದರೆ ನಮಗೆ ಸಿಕ್ಕಿದ್ದೇನು?

ಖರ್ಚಿನ ನೆಪ ಹೇಳುತ್ತಾರೆ. ಅಚ್ಚಿನ ಮನೆಯವರಿಗೆ ಈ ಕಥೆ ಬೇಡ. ಹಾಳೆಯ ಗಾತ್ರ ಕೊಂಚ ಹೆಚ್ಚು, ಒಂದು ಪ್ಲೇಟು, ಒಂದಿಷ್ಟು ಶಾಯಿ, ಜತೆಗೆ ಕನ್ನಡ ಬಲ್ಲ ಒಬ್ಬ ಅನುವಾದಕ. ಮೊಬೈಲಿನಲ್ಲೇ ಷರತ್ತು ಕಳಿಸುವವರಿಗಂತೂ ಕಾಗದ-ಶಾಯಿಯ ಖರ್ಚೂ ಇಲ್ಲ.

ಆದ್ದರಿಂದ, ಕಾರ್ಡು ಇರುವ ಪ್ರತಿಯೊಬ್ಬ ಕನ್ನಡಿಗನೂ ತನ್ನ ಬ್ಯಾಂಕಿಗೆ ಕನ್ನಡದಲ್ಲೇ ಅರ್ಜಿ ಕೊಡಲಿ. ಮುಖ್ಯ ಷರತ್ತುಗಳ ಪಟ್ಟಿ, ಪಾಯಿಂಟು ಸಿಗದ ಖರ್ಚುಗಳ ಪಟ್ಟಿ, ಅವಧಿ, ಶುಲ್ಕ, ಬಡ್ಡಿ ಇಷ್ಟನ್ನೂ ಕನ್ನಡದಲ್ಲಿ ಕೊಡಿ ಎಂದು ಕೇಳಲಿ. ಎರಡು ಪ್ರತಿ ಬರೆಯಿರಿ, ಒಂದರ ಮೇಲೆ ತಾರೀಖಿನ ಸಮೇತ ಮೊಹರು ಹಾಕಿಸಿಕೊಳ್ಳಿ. ಮೂವತ್ತು ದಿನ ಕಾದು, ಉತ್ತರ ಬರದಿದ್ದರೆ ಮೊಹರಿನ ಪ್ರತಿಯ ಸಮೇತ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ನರಿಗೆ ದೂರು ಕಳಿಸಿ. ಇನ್ನೊಂದು ಪ್ರತಿ ನಮ್ಮ ಪತ್ರಿಕೆಗೆ ಬರಲಿ. ಯಾವ ಬ್ಯಾಂಕು ಕನ್ನಡದಲ್ಲಿ ಕೊಟ್ಟಿತು, ಯಾವುದು ಕೊಡಲಿಲ್ಲ ಎಂಬುದನ್ನು ಇದೇ ಪುಟದಲ್ಲಿ ಅಚ್ಚು ಹಾಕುತ್ತೇವೆ.