ಯೂನಿಯನ್ನಿಗೆ ಆಪ್ ಬೇಡ ಸ್ವಾಮಿ, ಪಟ್ಟಿ ಬೇಕು!

ಇದನ್ನು ಸ್ವಲ್ಪ ಸಿಟ್ಟಿನಲ್ಲೇ ಬರೀತಿದ್ದೀನಿ, ಮೊದಲೇ ಹೇಳಿಬಿಡ್ತೀನಿ. ಸಿಟ್ಟು ಎರಡು ಕಡೆ ಇದೆ. ಒಂದು, ನನ್ನಂಥ ಸಾಫ್ಟ್‌ವೇರ್ ಮಂದಿಯ ಮೇಲೆ. ಇನ್ನೊಂದು, ನಾನು ತುಂಬ ಗೌರವಿಸೋ ಕಾರ್ಮಿಕ ಸಂಘಗಳ ಹಿರಿಯರ ಮೇಲೆ.

ಶುರುವಾಗಿದ್ದು ನಮ್ಮ ಕೆಳಗಿನ ಮನೆಯ ಅಕ್ಕನಿಂದ. ಅವರು ಗಾರ್ಮೆಂಟ್ಸ್‌ನಲ್ಲಿ ಟೈಲರ್. ಹನ್ನೊಂದು ವರ್ಷದ ಸರ್ವೀಸು. ಒಂದು ಸಂಜೆ ಮೆಟ್ಟಿಲ ಹತ್ತಿರ ನಿಲ್ಲಿಸಿ, "ನೀವು ಕಂಪ್ಯೂಟರ್‌ನವರಲ್ವಾ, ನನ್ನ ಪಿಎಫ್ ದುಡ್ಡು ಎಷ್ಟಿದೆ ಅಂತ ನೋಡಿ ಹೇಳ್ತೀರಾ?" ಅಂದ್ರು. ನಾನು ಭಾರಿ ಪಂಡಿತನ ಥರ, "ಅದಕ್ಕೆ ಕಂಪ್ಯೂಟರೂ ಬೇಡ ಅಕ್ಕ, ಒಂದು ಮಿಸ್ಡ್ ಕಾಲ್ ಕೊಟ್ರೆ ಸಾಕು, ಮೆಸೇಜ್ ಬರುತ್ತೆ" ಅಂದೆ. ನಿಜವೇ. ಭವಿಷ್ಯ ನಿಧಿಯವರ ನಂಬರಿಗೆ ಮಿಸ್ಡ್ ಕಾಲ್ ಕೊಟ್ಟರೆ ಕೊನೆಯದಾಗಿ ಕಟ್ಟಿದ ಕಂತು ಎಷ್ಟು, ಒಟ್ಟು ಎಷ್ಟಿದೆ ಅಂತ ಎಸ್ಎಂಎಸ್ ಬರುತ್ತೆ. ಒಂದು ಪೈಸೆ ಖರ್ಚಿಲ್ಲ, ಕೀಪ್ಯಾಡ್ ಫೋನಾದ್ರೂ ನಡೆಯುತ್ತೆ.

ಆದ್ರೆ ಮೆಸೇಜ್ ಬರಲಿಲ್ಲ. ಯಾಕಂದ್ರೆ ಅವರ ಯುಎಎನ್‌ಗೆ ಜೋಡಿಸಿದ್ದ ಮೊಬೈಲ್ ನಂಬರು ಅವರದ್ದೇ ಅಲ್ಲ! ಕೆಲಸಕ್ಕೆ ಸೇರುವಾಗ ಯಾರೋ ಯಾವುದೋ ನಂಬರ್ ತುಂಬಿಸಿದ್ದಾರೆ. ಅದನ್ನ ಸರಿ ಮಾಡಿಸೋಕೆ ಎರಡು ಶನಿವಾರ ಹೋಯ್ತು. ಸರಿ ಆದ್ಮೇಲೆ ಪಾಸ್‌ಬುಕ್ ತೆಗೆದು ನೋಡಿದ್ರೆ ಕೊನೆಯ ನಾಲ್ಕು ತಿಂಗಳ ದುಡ್ಡು ಜಮಾ ಆಗೇ ಇಲ್ಲ. ಪೇ ಸ್ಲಿಪ್‌ನಲ್ಲಿ ಮಾತ್ರ ತಿಂಗಳು ತಿಂಗಳು ತಪ್ಪದೆ ಕಡಿತ ಆಗಿದೆ.

ಅಕ್ಕ ಮಾರನೇ ದಿನ ಹೋಗಿ ಕೇಳಿದ್ದಕ್ಕೆ ಸಿಕ್ಕ ಉತ್ತರ, "ನಿಂದೊಬ್ಬಳದು ಸಿಸ್ಟಮ್ ಪ್ರಾಬ್ಲಂ, ಸರಿ ಹೋಗುತ್ತೆ." ಅವರು ಪಕ್ಕದ ಮಿಷನ್ನಿನವರಿಗೆ ಹೇಳಿದ್ರು. ಅವರದ್ದೂ ಹಾಗೇ. ಹಿಂದಿನ ಸಾಲಿನವರದ್ದೂ ಹಾಗೇ. ಎಲ್ಲರಿಗೂ "ನಿಂದೊಬ್ಬಳದು" ಅಂತಲೇ ಉತ್ತರ. ಮೂರು ವಾರದಲ್ಲಿ 43 ಜನ ಹೆಣ್ಣುಮಕ್ಕಳ ವಿವರ ನನ್ನ ಲ್ಯಾಪ್‌ಟಾಪಿಗೆ ಬಂತು. ನಾನು ಮಾಡಿದ್ದು ಇಷ್ಟೇ: ಹೆಸರು, ತಿಂಗಳು, ಪೇ ಸ್ಲಿಪ್‌ನಲ್ಲಿ ಕಡಿತ, ಪಾಸ್‌ಬುಕ್‌ನಲ್ಲಿ ಜಮಾ. ನಾಲ್ಕು ಕಾಲಂ. ಕೊನೆ ಕಾಲಂ ಪೂರ್ತಿ ಸೊನ್ನೆ. ಎಂಜಿನಿಯರಿಂಗ್ ಓದಿದ ನಾಲ್ಕು ವರ್ಷದಲ್ಲಿ ಕಲಿತ ಯಾವುದೂ ಇದಕ್ಕೆ ಬೇಕಾಗಲಿಲ್ಲ :-)

ಒಬ್ಬರು ಹೇಳಿದ್ರೆ ಅದು ಗೋಳು. 43 ಜನರದ್ದನ್ನು ಒಂದೇ ಹಾಳೆಯಲ್ಲಿ ಇಟ್ಟರೆ ಅದು ಪುರಾವೆ. ನಾನು ಈ ಬರಹದಲ್ಲಿ ಹೇಳಬೇಕು ಅಂತಿರೋದು ಇದಿಷ್ಟೇ. ಮುಂದಿನದೆಲ್ಲ ಇದರ ವಿವರಣೆ.

ಆ ಹಾಳೆ ಹಿಡ್ಕೊಂಡು ಅಕ್ಕನ ಜೊತೆ ಒಂದು ಯೂನಿಯನ್ ಆಫೀಸಿಗೆ ಹೋದೆ. ಕಾರ್ಯದರ್ಶಿಗಳು ಅರವತ್ತು ದಾಟಿದವರು, ಜೀವನ ಪೂರ್ತಿ ಇದಕ್ಕೇ ಸವೆಸಿದವರು. ಹಾಳೆ ನೋಡಿ ಖುಷಿಪಟ್ಟು, "ಏನಪ್ಪಾ, ಹೇಗೂ ನೀನು ಸಾಫ್ಟ್‌ವೇರ್‌ನವನು, ನಮ್ಮ ಸಂಘಕ್ಕೊಂದು ಆಪ್ ಮಾಡಿಕೊಡು" ಅಂದ್ರು.

"ಮಾಡೋಣ ಸಾರ್. ನಿಮ್ಮ ಸದಸ್ಯರು ಎಷ್ಟು ಜನ?"

"ಒಂದು ಎರಡು ಸಾವಿರ ಇರಬಹುದು."

ಈ "ಇರಬಹುದು" ನನ್ನ ತಲೆ ಕೆಡಿಸಿಬಿಡ್ತು. ಕಪಾಟಿನಲ್ಲಿ ರಸೀದಿ ಪುಸ್ತಕಗಳಿದ್ವು, ಒಂದು ಉದ್ದ ಲೆಡ್ಜರ್ ಇತ್ತು. ಅದರಲ್ಲಿ ಕೆಲಸ ಬಿಟ್ಟವರು, ಊರಿಗೆ ಹೋದವರು, ತೀರಿಕೊಂಡವರು ಎಲ್ಲ ಒಟ್ಟಿಗೇ ಇದ್ರು. ಯಾವ ಯೂನಿಟ್ಟು, ಯಾವ ಫ್ಲೋರು, ಈಗಿನ ಫೋನ್ ನಂಬರ್ ಏನು, ಯಾವುದೂ ಇಲ್ಲ.

ಈಗ ಯೋಚಿಸಿ. 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅದರಲ್ಲಿ ಕೈಗಾರಿಕಾ ಸಂಬಂಧಗಳ ಸಂಹಿತೆ, ಅಂದ್ರೆ 2020ರಲ್ಲಿ ಪಾಸಾಗಿದ್ದು, ಏನು ಹೇಳುತ್ತೆ? ಒಂದೇ ಕಡೆ ಒಂದಕ್ಕಿಂತ ಹೆಚ್ಚು ಯೂನಿಯನ್ ಇದ್ದರೆ, ಹಾಜರಿ ಪುಸ್ತಕದಲ್ಲಿರೋ ಕಾರ್ಮಿಕರಲ್ಲಿ ಶೇಕಡಾ 51 ಜನ ಯಾರ ಕಡೆ ಇದ್ದಾರೋ ಅವರೊಂದೇ ಮಾತುಕತೆಗೆ ಅರ್ಹರು. ಯಾರಿಗೂ ಅಷ್ಟು ಬೆಂಬಲ ಇಲ್ಲ ಅಂದ್ರೆ ಒಂದು ಕೌನ್ಸಿಲ್. ಅದರಲ್ಲಿ ಕೂರೋಕೂ ಶೇಕಡಾ 20 ಬೇಕು. ಈ ಕಾನೂನು ಸರಿಯೋ ತಪ್ಪೋ ಅನ್ನೋದರ ಮೇಲೆ ಬೇಕಾದಷ್ಟು ಜಗಳ ಆಡಬಹುದು, ಆಡಲೇಬೇಕು. ಆದ್ರೆ ಜಗಳ ಮುಗಿಯೋವರೆಗೆ ಲೆಕ್ಕ ಕೇಳೋರು ಕೇಳ್ತಾರೆ. ಅಲ್ಲಿ ಹೋಗಿ "ಇರಬಹುದು ಸಾರ್" ಅನ್ನೋಕಾಗುತ್ತಾ? ಮ್ಯಾನೇಜ್‌ಮೆಂಟ್ ಹತ್ತಿರ ಹಾಜರಿ ಬಯೋಮೆಟ್ರಿಕ್‌ನಲ್ಲಿದೆ, ಒಂದು ಬಟನ್ ಒತ್ತಿದ್ರೆ ಪ್ರಿಂಟ್ ಬರುತ್ತೆ. ನಮ್ಮ ಹತ್ತಿರ ಗೆದ್ದಲು ಹಿಡಿದ ಲೆಡ್ಜರ್ ಇದೆ.

ಹಿರಿಯರ ಮೇಲಿನ ನನ್ನ ಸಿಟ್ಟು ಇದು. "ಟೆಕ್ನಾಲಜಿ ಎಲ್ಲ ಬಂಡವಾಳಗಾರರ ಅಸ್ತ್ರ" ಅಂತ ಭಾಷಣ ಮಾಡ್ತೀರಿ, ಸಂಜೆ ಅದೇ ಭಾಷಣದ ಫೋಟೋಗಳನ್ನ ವಾಟ್ಸಾಪ್ ಗ್ರೂಪಿಗೆ ಹಾಕ್ತೀರಿ. ಸಂಘದ ಇಡೀ ಡಿಜಿಟಲ್ ಜೀವನ ಆ ಒಂದು ಗ್ರೂಪಿನಲ್ಲಿ ಮುಗಿದುಹೋಗಿದೆ. ಬೆಳಗ್ಗೆ ಶುಭೋದಯ, ಮಧ್ಯಾಹ್ನ ಯಾರೋ ಕಳಿಸಿದ ಫಾರ್ವರ್ಡು, ಸಂಜೆ ಹುಟ್ಟುಹಬ್ಬದ ಕೇಕು. ನಡುವೆ ಎಲ್ಲೋ ನಾಳೆ ಗೇಟ್ ಮೀಟಿಂಗ್ ಅನ್ನೋ ಸುದ್ದಿ, ಯಾರ ಕಣ್ಣಿಗೂ ಬೀಳದೆ ಮೇಲಕ್ಕೆ ಹೋಗಿಬಿಟ್ಟಿರುತ್ತೆ.

ಅಷ್ಟೇ ಆಗಿದ್ರೆ ನಗಬಹುದಿತ್ತು. ಅದೇ ಆಫೀಸಿನಲ್ಲಿ ಕೇಳಿದ ಇನ್ನೊಂದು ಕತೆ ಇದೆ. ಅಂಥ ಒಂದು ಗ್ರೂಪಿನಲ್ಲಿ ಇಬ್ಬರು ಹೆಣ್ಣುಮಕ್ಕಳು ಸೂಪರ್‌ವೈಸರ್ ಬಾಯಿಗೆ ಬಂದಂತೆ ಬೈಯೋದರ ಬಗ್ಗೆ ಬರೆದಿದ್ರು. ಮಾರನೇ ದಿನ ಬೆಳಗ್ಗೆ ಅದರ ಸ್ಕ್ರೀನ್‌ಶಾಟ್ ಪ್ರಿಂಟಾಗಿ ಎಚ್ಆರ್ ಟೇಬಲ್ ಮೇಲಿತ್ತು. ವಾರದೊಳಗೆ ಇಬ್ಬರಿಗೂ ದೂರದ ಯೂನಿಟ್ಟಿಗೆ ವರ್ಗ. ಒಬ್ಬರಿಗೆ ಚಿಕ್ಕ ಮಗು, ಅಷ್ಟು ದೂರ ಹೋಗಿ ಬರೋಕಾಗದೆ ಕೆಲಸ ಬಿಟ್ರು. ಗ್ರೂಪಿನಲ್ಲಿ ಯಾರಿದ್ದಾರೆ ಅಂತ ಯಾರೂ ಎಣಿಸಿರಲಿಲ್ಲ. ನೂರಾರು ಜನರ ಗ್ರೂಪಿನಲ್ಲಿ ಎಲ್ಲರ ನಂಬರು ಎಲ್ಲರಿಗೂ ಕಾಣುತ್ತೆ ಸ್ವಾಮಿ. ಅದು ಸಂಘದ ಕೋಣೆ ಅಲ್ಲ, ಬಸ್‌ಸ್ಟ್ಯಾಂಡು.

ಹಾಗಾದ್ರೆ ಏನು ಮಾಡಬೇಕು? ಆಪ್ ಅಲ್ಲ. ಆಪ್ ಅಂದ ತಕ್ಷಣ ಅದನ್ನ ಯಾರು ನಡೆಸ್ತಾರೆ, ಸರ್ವರ್ ಬಾಡಿಗೆ ಯಾರು ಕಟ್ತಾರೆ, ಡೇಟಾ ಯಾರ ಹತ್ತಿರ ಇರುತ್ತೆ ಅನ್ನೋ ಪ್ರಶ್ನೆ ಬರುತ್ತೆ. ನಮ್ಮ ಬೆಂಗಳೂರಿನದ್ದೇ ಉದಾಹರಣೆ ನೋಡಿ. 2022ರ ನವೆಂಬರ್‌ನಲ್ಲಿ ಆಟೋ ಚಾಲಕರ ಯೂನಿಯನ್ ಮತ್ತು ಜಸ್‌ಪೇ ಕಂಪನಿ ಸೇರಿ 'ನಮ್ಮ ಯಾತ್ರಿ' ಶುರು ಮಾಡಿದ್ರು. ಒಳ್ಳೇ ಕೆಲಸ, ಅನುಮಾನವೇ ಇಲ್ಲ. ಚಾಲಕರ ದುಡಿಮೆಯಲ್ಲಿ ಕಮಿಷನ್ ಹಿಡಿಯಲ್ಲ, ಅದರ ಸೋರ್ಸ್ ಕೋಡ್ ಯಾರು ಬೇಕಾದ್ರೂ ನೋಡಬಹುದು. ಉಳಿದ ಆಪ್‌ಗಳಿಗೆ ಬಿಸಿ ಮುಟ್ಟಿಸಿದ್ದು ಅದೇ. ಆದ್ರೆ ಅದನ್ನ ನಡೆಸೋದು ಕಂಪನಿ, ಯೂನಿಯನ್ ಅಲ್ಲ. 2023ರಲ್ಲಿ ದಿನಕ್ಕೆ 25 ರೂಪಾಯಿ ಚಂದಾ ಬಂತು. ನಡೆಸೋಕೆ ಖರ್ಚಿರುತ್ತೆ, ಚಂದಾ ಕೇಳೋದು ತಪ್ಪು ಅಂತ ನಾನು ಹೇಳ್ತಿಲ್ಲ. ಆದ್ರೆ ಸರ್ವರ್ ಯಾರದ್ದೋ ಕೊನೇ ಮಾತೂ ಅವರದ್ದೇ ಆಗಿರುತ್ತೆ. ಸಂಘದ ಸದಸ್ಯರ ವಿವರದ ವಿಷಯದಲ್ಲಿ ಆ ಮಾತು ಬೇರೆಯವರದ್ದಾಗೋಕೆ ಬಿಡಬಾರದು.

ಬೇಕಿರೋದು ಮೂರೇ.

ಮೊದಲನೇದು ಪಟ್ಟಿ. ಒಂದು ಹಳೇ ಲ್ಯಾಪ್‌ಟಾಪು, ಅದರಲ್ಲಿ ಪುಕ್ಕಟೆ ಸಿಗೋ ಲಿಬ್ರೆಆಫೀಸ್. ಹೆಸರು, ಯೂನಿಟ್, ಫ್ಲೋರ್, ಫೋನ್, ಚಂದಾ ಕಟ್ಟಿದ ದಿನ. ಇಷ್ಟು ಸಾಕು. ಆಧಾರ್ ನಂಬರ್ ಬೇಡ, ಜಾತಿ ಬೇಡ, ಬ್ಯಾಂಕ್ ಖಾತೆ ಬೇಡ. ನಮ್ಮ ಹತ್ತಿರ ಇಲ್ಲದ್ದು ಕದ್ದು ಹೋಗಲ್ಲ. ಫೈಲ್ ಸೇವ್ ಮಾಡುವಾಗಲೇ ಪಾಸ್‌ವರ್ಡ್ ಹಾಕೋ ಸೌಲಭ್ಯ ಅದರಲ್ಲಿದೆ. ಎರಡು ಪೆನ್ ಡ್ರೈವ್‌ನಲ್ಲಿ ಎರಡು ಪ್ರತಿ, ಇಬ್ಬರು ಬೇರೆ ಬೇರೆ ಮನೆಯಲ್ಲಿ. ಒಂದು ಫ್ಲೆಕ್ಸ್ ಬ್ಯಾನರ್‌ಗೆ ಕೊಡೋ ದುಡ್ಡಿನಲ್ಲಿ ಪೆನ್ ಡ್ರೈವ್ ಬಂದುಬಿಡುತ್ತೆ. ಇಡೀ ಪಟ್ಟಿ ಇಬ್ಬರ ಹತ್ತಿರ ಮಾತ್ರ. ಒಂದೊಂದು ಲೈನಿನ ಪ್ರತಿನಿಧಿ ಹತ್ತಿರ ಅವರ ಇಪ್ಪತ್ತು ಜನರ ಹೆಸರಷ್ಟೇ. ನಾಳೆ ಒಬ್ಬರ ಫೋನ್ ಕಿತ್ಕೊಂಡ್ರೂ ಹೋಗೋದು ಇಪ್ಪತ್ತು ಹೆಸರು, ಎರಡು ಸಾವಿರ ಅಲ್ಲ. ಪಟ್ಟಿ ಸೋರಿದ್ರೆ ಅದೇ ಕಪ್ಪು ಪಟ್ಟಿ ಆಗುತ್ತೆ, ಮರೀಬೇಡಿ.

ಎರಡನೇದು ದನಿ. ನಮ್ಮಲ್ಲಿ ಎಷ್ಟೋ ಮನೇಲಿ ಸ್ಮಾರ್ಟ್ ಫೋನ್ ಗಂಡನ ಹತ್ತಿರವೋ ಮಗನ ಹತ್ತಿರವೋ ಇರುತ್ತೆ. ಹತ್ತು ಪುಟದ ಪಿಡಿಎಫ್ ಕಳಿಸಿದ್ರೆ ಯಾರು ಓದ್ತಾರೆ? 2010ರಲ್ಲಿ ಛತ್ತೀಸ್‌ಗಢದಲ್ಲಿ ಸಿಜಿನೆಟ್ ಸ್ವರ ಅಂತ ಶುರುವಾಯ್ತು. ಹಳ್ಳಿ ಜನ ಒಂದು ನಂಬರಿಗೆ ಫೋನ್ ಮಾಡಿ ತಮ್ಮ ಭಾಷೆಯಲ್ಲೇ ದೂರು ಹೇಳ್ತಿದ್ರು, ಅದನ್ನ ಪರಿಶೀಲಿಸಿದ ಮೇಲೆ ಉಳಿದವರು ಅದೇ ನಂಬರಿಗೆ ಫೋನ್ ಮಾಡಿ ಕೇಳ್ತಿದ್ರು. ಇಂಟರ್‌ನೆಟ್ ಬೇಕಿಲ್ಲ, ಓದು ಬರಹ ಬೇಕಿಲ್ಲ. ಅದರ ತಂತ್ರಜ್ಞಾನಕ್ಕೆ ಕೈಜೋಡಿಸಿದವರಲ್ಲಿ ನಮ್ಮ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನವರೂ ಇದ್ರು. ಇಲ್ಲೇ ಹುಟ್ಟಿದ ವಿದ್ಯೆ, ನಮ್ಮ ಪೀಣ್ಯಕ್ಕೆ ಯಾಕೆ ಬರಲಿಲ್ಲ? ಅಷ್ಟು ದೊಡ್ಡದು ಬೇಡ ಅಂದ್ರೆ, ಕಾರ್ಯದರ್ಶಿಗಳ ದನಿಯಲ್ಲೇ ಒಂದು ನಿಮಿಷದ ವಾಯ್ಸ್ ಮೆಸೇಜು, ವಾರಕ್ಕೆ ಒಂದೇ. ಗ್ರೂಪಿಗಲ್ಲ, ಲೈನ್ ಪ್ರತಿನಿಧಿಗಳಿಗೆ. ಅವರಿಂದ ಅವರ ಇಪ್ಪತ್ತು ಜನಕ್ಕೆ. ಗುಟ್ಟಿನ ಮಾತಾಗಿದ್ರೆ ಸಿಗ್ನಲ್ ಇದೆ. 2024ರ ಫೆಬ್ರವರಿಯಿಂದ ಅದರಲ್ಲಿ ಫೋನ್ ನಂಬರ್ ತೋರಿಸದೆ ಮಾತಾಡಬಹುದು. ಅದೂ ಪುಕ್ಕಟೆ.

ಮೂರನೇದು ಕನ್ನಡ. ಇದು ನಿಮಗೂ ನನಗೂ ಸೇರಿದ್ದು. ಸಂಘದ ಕರಪತ್ರ ಹೇಗೆ ತಯಾರಾಗುತ್ತೆ ನೋಡಿದ್ದೀರಾ? ಡಿಟಿಪಿ ಅಂಗಡಿಯಲ್ಲಿ ಹಳೇ ನುಡಿ ಫಾಂಟಿನಲ್ಲಿ ಟೈಪಾಗುತ್ತೆ, ಪ್ರಿಂಟಾಗುತ್ತೆ, ಅದರ ಫೋಟೋ ವಾಟ್ಸಾಪಿಗೆ ಹೋಗುತ್ತೆ. ಮುಗೀತು. ಒಂದು ವರ್ಷದ ಮೇಲೆ ಅದನ್ನ ಹುಡುಕಿದ್ರೆ ಸಿಗಲ್ಲ. ಕನಿಷ್ಠ ವೇತನದ ತುಟ್ಟಿಭತ್ಯೆ ಪ್ರತಿ ಏಪ್ರಿಲ್ 1ಕ್ಕೆ ಬದಲಾಗುತ್ತೆ. ನಿಮ್ಮ ಕೆಲಸಕ್ಕೆ ಈ ವರ್ಷ ಎಷ್ಟು ಅಂತ ಒಬ್ಬ ಹೆಲ್ಪರ್ ಕನ್ನಡದಲ್ಲಿ ಹುಡುಕಿದ್ರೆ ಒಂದು ಸರಿಯಾದ ಸಾಲು ಸಿಗಬೇಕಾದ್ರೆ ಹರಸಾಹಸ. ನುಡಿಯಿಂದ ಯೂನಿಕೋಡಿಗೆ ಬದಲಾಯಿಸೋಕೆ ಪುಕ್ಕಟೆ ಪರಿವರ್ತಕಗಳಿವೆ, ಗೂಗಲ್ ಡಾಕ್ಸ್‌ನಲ್ಲಿ ಕನ್ನಡದಲ್ಲಿ ಮಾತಾಡಿದ್ರೆ ಅದೇ ಟೈಪ್ ಮಾಡುತ್ತೆ. ಆಮೇಲೆ ಮಾಹಿತಿ ಹಕ್ಕು ಇದೆ. ಕಾರ್ಮಿಕ ಇಲಾಖೆಗೆ ಒಂದು ಅರ್ಜಿ, ಶುಲ್ಕ 10 ರೂಪಾಯಿ, ನಮ್ಮ ರಾಜ್ಯದಲ್ಲಿ 150 ಪದದ ಒಳಗೆ ಒಂದೇ ವಿಷಯ, 30 ದಿನದಲ್ಲಿ ಉತ್ತರ ಕೊಡಬೇಕು. ಹಾಗೆ ಬಂದ ಉತ್ತರವನ್ನ ಯೂನಿಕೋಡಿನಲ್ಲಿ ಹಾಕಿಟ್ಟರೆ ಅದು ಎಲ್ಲರ ಆಸ್ತಿ.

ಈಗ ನನ್ನ ಜಾತಿಯವರ ಕಡೆ ಬರೋಣ. ಆಫೀಸಿನಲ್ಲಿ ಇದೆಲ್ಲ ಹೇಳಿದ್ದಕ್ಕೆ ಒಬ್ಬ ಸ್ನೇಹಿತ ನಕ್ಕ. "ಯೂನಿಯನ್ ಎಲ್ಲ ಈ ಕಾಲದಲ್ಲಿ ಯಾಕೆ ಮಗಾ?" ಅಂತ. ಮಗಾ, 2024ರ ಜುಲೈನಲ್ಲಿ ನಮ್ಮ ಐಟಿಯವರಿಗೆ ದಿನಕ್ಕೆ 14 ಗಂಟೆ ಕೆಲಸದ ಪ್ರಸ್ತಾಪ ಬಂದಾಗ ನೀನೂ ಗಾಬರಿಯಾಗಿ ಮೀಮ್ ಕಳಿಸಿದ್ದೆ. ಅದನ್ನ ವಿರೋಧಿಸಿ ಬೀದಿಗಿಳಿದಿದ್ದು ಕಿಟು, ಅಂದ್ರೆ ಐಟಿ ನೌಕರರ ಯೂನಿಯನ್ನು. ನಿನ್ನ ಮೀಮ್ ಅಲ್ಲ. ದಿನಾ ಊಟ ತಂದುಕೊಡೋ ಹುಡುಗರಿಗೆ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂತು, ಅವರಿಗೆ ಮಾಡೋ ಪಾವತಿ ಮೇಲೆ ಶೇಕಡಾ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಅಂತ ಆಯ್ತು. ಅದೂ ಸುಮ್ಮನೆ ಆಕಾಶದಿಂದ ಬೀಳಲಿಲ್ಲ, ಸಂಘಗಳು ವರ್ಷಗಟ್ಟಲೆ ಕೇಳಿದ್ದಕ್ಕೆ ಬಂದಿದ್ದು.

"ಹಾಗಾದ್ರೆ ಪಟ್ಟಿ ಇದ್ರೆ ಹೋರಾಟ ಗೆದ್ದ ಹಾಗಾ?" ಅಂತ ಕೇಳಬಹುದು. ಇಲ್ಲ. 2016ರ ಏಪ್ರಿಲ್ ನೆನಪಿದೆಯಾ? ಪಿಎಫ್‌ನಲ್ಲಿ ಮಾಲೀಕರ ಪಾಲಿನ ದುಡ್ಡು 58 ವರ್ಷದವರೆಗೆ ತೆಗೆಯೋ ಹಾಗಿಲ್ಲ ಅಂತ ಕೇಂದ್ರ ನಿಯಮ ತಂದಿತ್ತು. 18 ಮತ್ತು 19ನೇ ತಾರೀಕು ಬೆಂಗಳೂರಿನ ಸಾವಿರಾರು ಗಾರ್ಮೆಂಟ್ಸ್ ಹೆಣ್ಣುಮಕ್ಕಳು ರಸ್ತೆಗೆ ಬಂದು ಕೂತ್ರು. ಯಾವ ದೊಡ್ಡ ಯೂನಿಯನ್ನೂ ಕರೆ ಕೊಟ್ಟಿರಲಿಲ್ಲ. ಎರಡನೇ ದಿನವೇ ಕೇಂದ್ರ ನಿಯಮ ವಾಪಸ್ ತಗೊಳ್ತು. ಅಂಥ ಸಿಟ್ಟನ್ನ ಯಾವ ಸಾಫ್ಟ್‌ವೇರೂ ಹುಟ್ಟಿಸಲ್ಲ. ಆದ್ರೆ ಆ ಎರಡು ದಿನ ರಸ್ತೆಯಲ್ಲಿ ಒಟ್ಟಿಗೆ ಕೂತವರು ಮೂರನೇ ದಿನ ಮತ್ತೆ ಒಬ್ಬೊಬ್ಬರಾಗಿ ತಮ್ಮ ತಮ್ಮ ಮಿಷನ್ ಮುಂದೆ ಕೂತ್ರು. ನಮ್ಮ ಕೆಳಗಿನ ಮನೆ ಅಕ್ಕನೂ ಅವತ್ತು ಹೋಗಿದ್ರಂತೆ. "ಪಕ್ಕ ಕೂತಿದ್ದೋರು ಯಾರು ಅಂತಾನೂ ಕೇಳಿಕೊಳ್ಳಲಿಲ್ಲ ಸಾರ್" ಅಂದ್ರು. ಸಿಟ್ಟು ಎರಡು ದಿನ ಇರುತ್ತೆ. ಹೆಸರು ಬರೆದಿಟ್ಟುಕೊಂಡ್ರೆ ಉಳಿಯುತ್ತೆ.

43 ಜನರ ಹಾಳೆ ಏನಾಯ್ತು ಅಂತ ಕೇಳ್ತೀರಿ. ಯೂನಿಯನ್ ಲೆಟರ್‌ಹೆಡ್ಡಿನ ಜೊತೆ ಪಿಎಫ್ ಆಫೀಸಿಗೆ ಹೋಯ್ತು, ಸ್ವೀಕೃತಿ ಸೀಲ್ ಬಿತ್ತು. ಎರಡು ತಿಂಗಳ ದುಡ್ಡು ಜಮಾ ಆಗಿದೆ, ಇನ್ನೆರಡು ಬಾಕಿ. "ನಿಂದೊಬ್ಬಳದು" ಅನ್ನೋ ಮಾತು ಮಾತ್ರ ನಿಂತಿದೆ. ಕಾರ್ಯದರ್ಶಿಗಳ ಲೆಡ್ಜರನ್ನ ಈಗ ಭಾನುವಾರ ಭಾನುವಾರ ಕೂತು ಟೈಪ್ ಮಾಡ್ತಿದ್ದೀವಿ. ಅಕ್ಕನ ಮಗಳು ಪಿಯುಸಿ, ನನಗಿಂತ ವೇಗವಾಗಿ ಮಾಡ್ತಾಳೆ. ಮುಗಿದ ಮೇಲೆ ಪಾಸ್‌ವರ್ಡ್ ಅವರ ಕೈಗೆ ಕೊಟ್ಟು ನಾನು ಜಾಗ ಖಾಲಿ ಮಾಡ್ತೀನಿ. ಇದುವರೆಗೆ ಎಣಿಸಿದ್ದರಲ್ಲಿ ಈಗಲೂ ಕೆಲಸದಲ್ಲಿರೋರು 612. "ಇರಬಹುದು" ಅಲ್ಲ, ಇದ್ದಾರೆ.

ನಿಮ್ಮ ಬಡಾವಣೆ ಹತ್ತಿರವೂ ಇಂಥ ಒಂದು ಆಫೀಸ್ ಇರುತ್ತೆ. ಕನ್ನಡ ಯೂನಿಕೋಡ್ ಟೈಪ್ ಮಾಡೋಕೆ ಬರೋದು ನಮಗೆ ಮಾಮೂಲು ವಿಷಯ, ಅಲ್ಲಿ ಅದು ದೊಡ್ಡ ವಿದ್ಯೆ. ಒಂದು ಭಾನುವಾರ ಹೋಗಿ ಬನ್ನಿ. ಆಪ್ ಮಾಡಿಕೊಡಿ ಅಂತಾರೆ. ನಗುತ್ತಾ, ಮೊದಲು ಲೆಡ್ಜರ್ ಕೇಳಿ.